ಕಲ್ಲುಮನೆ, ಇಗರ್ಜಿ, ಕಡಲು: ರಜೆಯಲ್ಲಿ ಒಂದು ಸುತ್ತು

ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಪ್ರವಾಸವೆಂದರೆ ತೀರ್ಥಯಾತ್ರೆ ಎಂದೇ ಅರ್ಥ. ಶಿಖರಜಿ, ಗಿರನಾರ, ಶ್ರವಣಬೆಳಗೊಳ, ಹತ್ತಿರದ ಕುಂಥಲಗಿರಿ, ಇಷ್ಟರಲ್ಲಿ ಒಂದು ತಲೆಮಾರಿನ ತಿರುಗಾಟ ಮುಗಿಯುತ್ತಿತ್ತು. ಅಂಗಡಿಯ ಬಾಗಿಲು ಹಾಕಿ ಸುಮ್ಮನೆ ಊರು ನೋಡಲು ಹೋಗುವುದು ಹಿರಿಯರಿಗೆ ಒಗ್ಗುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಮಕ್ಕಳಿಗೆ ರಜೆ ಬಂದರೆ ಮನೆಯಲ್ಲಿ ಎಲ್ಲಿಗಾದರೂ ಹೋಗೋಣವೆಂಬ ಮಾತು ಏಳುತ್ತದೆ. ಹೋಗುವವರು ಗೋವಾಕ್ಕೆ ಹೋಗುತ್ತಾರೆ, ನಾಲ್ಕು ದಿನ ಹೋಟೆಲಿನಲ್ಲಿ ಇದ್ದು, ಮೊಬೈಲಿನ ತುಂಬ ಫೋಟೋ ತುಂಬಿಕೊಂಡು ಬರುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ ‘ಬೀಚು’ ಎನ್ನುತ್ತಾರೆ. ಹಣ ಖರ್ಚಾಯಿತು, ಕಂಡದ್ದು ಕಡಿಮೆ. ವ್ಯಾಪಾರಿಯ ಲೆಕ್ಕದಲ್ಲಿ ಇದು ನಷ್ಟದ ವ್ಯವಹಾರ.

ಕಳೆದ ಡಿಸೆಂಬರಿನ ಕೊನೆಯಲ್ಲಿ ನಮ್ಮ ಕುಟುಂಬದ ಹನ್ನೊಂದು ಮಂದಿ ಜಳಕೋಟದಿಂದ ಹೊರಟು ಹನ್ನೆರಡು ದಿನ ತಿರುಗಿ ಬಂದೆವು. ಸೋಯಾಬೀನಿನ ಆವಕ ಇಳಿದಿತ್ತು, ಹೊಸ ತೊಗರಿ ಇನ್ನೂ ಬಿರುಸಾಗಿ ಬಂದಿರಲಿಲ್ಲ, ಇಂಗ್ಲಿಷ್ ಶಾಲೆಯ ಮೊಮ್ಮಕ್ಕಳಿಗೆ ಕ್ರಿಸ್‌ಮಸ್ ರಜೆ ಇತ್ತು. ಈ ಸಲ ಮೂರು ಬಗೆಯ ಸ್ಥಳಗಳನ್ನು ನೋಡುವುದೆಂದು ಗೊತ್ತು ಮಾಡಿಕೊಂಡಿದ್ದೆವು. ಇತಿಹಾಸ ಬರೆಯುವುದಕ್ಕೂ ಮೊದಲಿನ ಕಾಲದ ಕಲ್ಲುಮನೆಗಳು, ಹಳೆಯ ಇಗರ್ಜಿಗಳು ಮತ್ತು ಪಶ್ಚಿಮದ ಕಡಲು. ದಾರಿಯಲ್ಲಿ ಸಿಕ್ಕ ನಮ್ಮ ಬಸದಿಗಳ ದರ್ಶನವಂತೂ ಇದ್ದೇ ಇತ್ತು. ಇಂಥ ಸುತ್ತು ಬೇರೆ ಕುಟುಂಬಗಳಿಗೂ ಉಪಯೋಗವಾದೀತೆಂದು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸಂದೇಹ

ಹೊರಡುವ ಮೊದಲು ನಮ್ಮ ಹಿರಿಯಣ್ಣ ಒಂದು ಪ್ರಶ್ನೆ ಎತ್ತಿದರು. ‘ಇಗರ್ಜಿ ನೋಡಲು ಹೋಗುವುದು ಶ್ರಾವಕರಿಗೆ ಸಲ್ಲುತ್ತದೆಯೇ? ಸಮ್ಯಕ್ತ್ವಕ್ಕೆ ಬಾಧೆ ಬರುವುದಿಲ್ಲವೇ?’ ಇದು ಹಗುರವಾದ ಪ್ರಶ್ನೆಯಲ್ಲ, ಅನೇಕ ಮನೆಗಳಲ್ಲಿ ಇಂದಿಗೂ ಬರುವಂಥದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಮೂಢತೆಗಳನ್ನು ಹೇಳಿದ್ದಾರೆ. ಅದರಲ್ಲಿ ದೇವಮೂಢತೆ ಎಂದರೆ ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಉಪಾಸಿಸುವುದು. ಅಲ್ಲಿ ದೋಷವಿರುವುದು ಆಸೆಯಲ್ಲಿ ಮತ್ತು ಉಪಾಸನೆಯಲ್ಲಿ. ಕಣ್ಣು ತೆರೆದು ನೋಡುವುದರಲ್ಲಿ, ತಿಳಿಯುವುದರಲ್ಲಿ ಅಲ್ಲ. ನೋಡಿ ತಿಳಿಯುವುದೇ ತಪ್ಪಾಗಿದ್ದರೆ ನಮ್ಮ ಆಚಾರ್ಯರು ಪರಮತಗಳ ಗ್ರಂಥಗಳನ್ನು ಅಷ್ಟು ಆಳವಾಗಿ ಓದುತ್ತಿರಲಿಲ್ಲ. ಅನೇಕಾಂತವನ್ನು ಬಾಯಲ್ಲಿ ಹೇಳುವವರು ಪಕ್ಕದವನ ಮನೆಯ ಒಳಗನ್ನು ಒಮ್ಮೆಯಾದರೂ ಗೌರವದಿಂದ ನೋಡಬೇಕಲ್ಲವೇ? ಅಣ್ಣನವರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಆದರೆ ಗಾಡಿ ಹತ್ತಿದರು.

ಊಟ ಉಪಚಾರದ ವ್ಯವಸ್ಥೆ

ನಮ್ಮವರು ಪ್ರವಾಸಕ್ಕೆ ಹಿಂಜರಿಯುವುದು ಊಟದ ಕಾರಣಕ್ಕೆ. ಟೆಂಪೋ ಟ್ರಾವೆಲರ್ ಗೊತ್ತು ಮಾಡಿ, ಹಿಂದಿನ ಜಾಗದಲ್ಲಿ ಗ್ಯಾಸ್ ಒಲೆ, ಎರಡು ಕುಕ್ಕರ್, ಹಿಟ್ಟು, ಬೇಳೆ, ಅವಲಕ್ಕಿ, ಶೇಂಗಾ ಚಟ್ನಿ, ನೀರು ಗಾಳಿಸುವ ಬಟ್ಟೆ ಇಟ್ಟುಕೊಂಡೆವು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಐದು ಗಂಟೆಗೆ ಗಾಡಿ ನಿಲ್ಲಬೇಕೆಂದು ಚಾಲಕನಿಗೆ ಮೊದಲೇ ಹೇಳಿದ್ದೆವು. ಇದರಿಂದ ಒಂದು ಲಾಭವೂ ಆಯಿತು. ಕಡಲತೀರದಲ್ಲಿ ಉಳಿದವರೆಲ್ಲ ಬಜಿ, ಭೇಳದ ಗಾಡಿಗಳ ಮುಂದೆ ನಿಂತಿರುವಾಗ ನಾವು ಊಟ ಮುಗಿಸಿ, ಕೈ ತೊಳೆದು, ನಿಶ್ಚಿಂತೆಯಿಂದ ಸೂರ್ಯಾಸ್ತ ನೋಡುತ್ತಿದ್ದೆವು. ಒಂದು ಊರಿನ ಹೋಟೆಲಿನಲ್ಲಿ ಮಾತ್ರ ‘ಜೈನ ಊಟ’ ಎಂದು ಹೇಳಿ ಉಳ್ಳಾಗಡ್ಡಿ ಹಾಕಿದ ಪಲ್ಯ ತಂದಿಟ್ಟರು. ಅಂದಿನಿಂದ ಒಲೆ ನಮ್ಮದೇ. ಮೂಡಬಿದಿರೆ, ಕಾರ್ಕಳ, ಧರ್ಮಸ್ಥಳಗಳ ಕಡೆ ಹೋದರೆ ನಮ್ಮವರಿಗೆ ಈ ಚಿಂತೆ ಇಲ್ಲ.

ಮಳಖೇಡದಿಂದ ಮುದಗಲ್ಲಿಗೆ

ಉದಗೀರ, ಬೀದರ, ಹುಮನಾಬಾದ, ಕಲಬುರಗಿ ದಾಟಿ ಮೊದಲ ದಿನ ಮಳಖೇಡ ಮುಟ್ಟಿದೆವು. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಲಾತೂರಿನ ಹತ್ತಿರದ ನಮಗೆ ಇದು ಪರರ ಊರಲ್ಲ. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಶಾಸನಗಳಲ್ಲಿ ಕರೆದುಕೊಂಡಿದ್ದಾರೆ, ಲತ್ತಲೂರು ಎಂದರೆ ಲಾತೂರು ಎಂದೇ ವಿದ್ವಾಂಸರ ಮತ. ಅಮೋಘವರ್ಷ ನೃಪತುಂಗ ಜಿನಸೇನಾಚಾರ್ಯರ ಶಿಷ್ಯ. ಅವನ ಆಸ್ಥಾನದ ಕವಿರಾಜಮಾರ್ಗವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ವರೆಗೆ ಎಂದು ಹೇಳಿದಾಗ ಉದಗೀರ, ನಿಲಂಗಾ, ಉಮರ್ಗಾ ಎಲ್ಲವೂ ಅದರೊಳಗೆ ಬಂದವು. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದುವ ಮೊಮ್ಮಗ ಇದನ್ನು ಕೇಳಿ, ‘ಹಾಗಾದರೆ ನಾವು ಮನೆಯಲ್ಲಿ ಕನ್ನಡ ಮಾತಾಡುವುದು ಇದಕ್ಕೇನು ಮುತ್ಯಾ?’ ಎಂದ. ಇಷ್ಟು ತಿಳಿಯಿತೆಂದರೆ ಮೊದಲ ದಿನದ ಪೆಟ್ರೋಲಿನ ಖರ್ಚು ಹುಟ್ಟಿದಂತೆ. ಅಲ್ಲಿಯ ನೇಮಿನಾಥ ಬಸದಿಯ ದರ್ಶನ ಮಾಡಿ ಮುಂದೆ ಹೊರಟೆವು.

ಸುರಪುರ, ಲಿಂಗಸುಗೂರು ದಾಟಿದ ಮೇಲೆ ಮುದಗಲ್ಲು. ಕೋಟೆಗಾಗಿ ಹೆಸರಾದ ಊರು. ವಿಜಯನಗರ ಮತ್ತು ಬಹಮನಿ, ಆಮೇಲೆ ಆದಿಲಶಾಹಿ, ಎಲ್ಲರೂ ಕೃಷ್ಣಾ–ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ಕಾದಾಡಿದವರು. ಆದರೆ ಈ ಊರಿನಲ್ಲಿ ಒಂದು ಹಳೆಯ ಇಗರ್ಜಿ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಗೋವಾದಿಂದ ಬಂದ ಜೆಸುಯಿಟ್ ಪಾದ್ರಿಗಳು ಆದಿಲಶಾಹಿ ಕಾಲದಲ್ಲಿ ಇದಕ್ಕೆ ಬುನಾದಿ ಹಾಕಿದರು. 1557ರ ಹೊತ್ತಿಗೇ ಇತ್ತೆಂದು ಹೇಳುತ್ತ ಬಂದಿದ್ದಾರೆ. ಕಡಲಿನಿಂದ ಇಷ್ಟು ದೂರ, ಜೋಳದ ಹೊಲಗಳ ನಡುವೆ, ಮುಸಲ್ಮಾನ ದೊರೆಗಳ ಕೋಟೆಯ ಊರಿನಲ್ಲಿ ಕ್ರೈಸ್ತ ಮನೆತನಗಳು ನೂರಾರು ವರ್ಷ ಬಾಳಿಕೊಂಡು ಬಂದಿವೆ. ಆ ಜನ ಮಾತಾಡುವುದು ನಮ್ಮಂತೆಯೇ ರಾಯಚೂರು ಕಡೆಯ ಕನ್ನಡ. ಪರರಾಜ್ಯದಲ್ಲಿ ಅಲ್ಪಸಂಖ್ಯಾತರಾಗಿದ್ದು ತಮ್ಮ ಧರ್ಮ ಉಳಿಸಿಕೊಳ್ಳುವುದು ಹೇಗೆಂಬುದು ನಮಗೂ ತಿಳಿದ ಪಾಠವೇ ಆದ್ದರಿಂದ, ಆ ಇಗರ್ಜಿಯ ಅಂಗಳದಲ್ಲಿ ನಮಗೆ ಪರಕೀಯವೆನಿಸಲಿಲ್ಲ.

ಹಿರೇಬೆಣಕಲ್ಲಿನ ಕಲ್ಲುಮನೆಗಳು

ಗಂಗಾವತಿಯ ಹತ್ತಿರ ಹಿರೇಬೆಣಕಲ್ಲು ಎಂಬ ಹಳ್ಳಿ ಇದೆ. ಅಲ್ಲಿಂದ ಬಂಡೆಗಳ ನಡುವೆ ಕಾಲುದಾರಿ ಹಿಡಿದು ಗುಡ್ಡ ಹತ್ತಬೇಕು. ಮುಂಜಾನೆ ತಂಪಿನಲ್ಲಿ ಹೋಗುವುದು ಒಳ್ಳೆಯದು. ಹಳ್ಳಿಯ ಒಬ್ಬ ತಿಳಿದವರನ್ನು ಜೊತೆಗೆ ಕರೆದುಕೊಳ್ಳಬೇಕು, ನೀರು ಹೊತ್ತುಕೊಳ್ಳಬೇಕು, ಮೊಣಕಾಲು ನೋವಿರುವ ಹಿರಿಯರು ಕೆಳಗೆ ಉಳಿಯುವುದು ಮೇಲು. ನಮ್ಮ ಮನೆಯವರು ಕೆಳಗೇ ಉಳಿದು ರೊಟ್ಟಿ ಬಡಿದಿಟ್ಟರು.

ಮೇಲೆ ಹೋದರೆ ಒಂದು ಊರೇ ಕಾಣುತ್ತದೆ. ಸುಮಾರು 400 ಕಲ್ಲಿನ ರಚನೆಗಳು. ನಾಲ್ಕು ಕಡೆ ಅಗಲವಾದ ಬಂಡೆಯ ಹಲಗೆ ನಿಲ್ಲಿಸಿ, ಮೇಲೆ ಇನ್ನೊಂದು ಹಲಗೆ ಹೊದಿಸಿ ಕಟ್ಟಿದ ಮನೆಗಳು. ಕೆಲವು ಮನುಷ್ಯನಿಗಿಂತ ಎತ್ತರ, ಕೆಲವು ಮೊಣಕಾಲೆತ್ತರ. ಒಂದು ಬದಿಯ ಹಲಗೆಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಗಾರೆ ಇಲ್ಲ, ಸುಣ್ಣವಿಲ್ಲ, ಭಾರದ ಮೇಲೆ ಭಾರ ನಿಂತಿದೆ. ಇವು ವಾಸದ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು. ಕಬ್ಬಿಣ ಬಳಕೆಗೆ ಬಂದ ಕಾಲದ ಜನರ ಕೆಲಸ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವೆಂದು ಹೇಳುತ್ತಾರೆ. ಎಂದರೆ ಭಗವಾನ್ ಮಹಾವೀರರು ಮಗಧದಲ್ಲಿ ವಿಹಾರ ಮಾಡುತ್ತಿದ್ದ ಕಾಲದಲ್ಲಿ ಈ ಗುಡ್ಡದ ಮೇಲೆ ಜನ ಬಂಡೆ ಸೀಳುತ್ತಿದ್ದರು. ಊರಿನವರು ಇವನ್ನು ಮೋರೇರ ಮನೆಗಳೆನ್ನುತ್ತಾರೆ, ಮೋರೇರು ಕುಳ್ಳಗಿನ ಜನ ಎಂದು ಕಥೆ ಹೇಳುತ್ತಾರೆ. ಎತ್ತರದ ಬಂಡೆಯ ಮೇಲೆ ಕಲ್ಲಿನ ನಗಾರಿಯೊಂದಿದೆ. ಬಡಿದರೆ ಬಹಳ ದೂರ ಕೇಳುತ್ತದಂತೆ. 2021ರಲ್ಲಿ ಈ ಸ್ಥಳ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಇಂಥ ಕಲ್ಲುಮನೆಗಳ ಬಗ್ಗೆ ಮೊದಲು ಬರೆದವರಲ್ಲಿ ಮೆಡೋಸ್ ಟೇಲರ್ ಮುಖ್ಯ. ಸುರಪುರ ಸಂಸ್ಥಾನದಲ್ಲಿದ್ದಾಗ ಆ ಸೀಮೆಯ ಇಂಥ ರಚನೆಗಳನ್ನು ಅಗೆಯಿಸಿ ನೋಡಿ ಬರೆದಿಟ್ಟ. ಅದೇ ಟೇಲರ್ 1853ರಿಂದ ಕೆಲವು ವರ್ಷ ನಮ್ಮ ನಳದುರ್ಗ ಜಿಲ್ಲೆಯ ಅಧಿಕಾರಿಯಾಗಿದ್ದವನು. ತುಳಜಾಪುರವನ್ನು ಕುರಿತ ಅವನ ‘ತಾರಾ’ ಕಾದಂಬರಿ ನಮ್ಮ ಕಡೆ ಇನ್ನೂ ಹೆಸರಿನಲ್ಲಿದೆ.

ಆ ಗುಡ್ಡದ ಮೇಲೆ ಮನಸ್ಸಿಗೆ ನೋವಾಗುವ ಸಂಗತಿಯೂ ಇದೆ. ನಿಧಿಯ ಆಸೆಗೆ ಹಲಗೆ ಉರುಳಿಸಿ ನೆಲ ಅಗೆದಿರುವುದು ಅಲ್ಲಲ್ಲಿ ಕಾಣುತ್ತದೆ. ಸತ್ತವನ ಮಡಕೆಯಲ್ಲಿ ಹೊನ್ನು ಹುಡುಕುವ ಆಸೆಗೆ ಕೊನೆಯಿಲ್ಲ. ಎರಡು ಸಾವಿರ ವರ್ಷ ಮಳೆ ಗಾಳಿ ತಡೆದ ಕಲ್ಲು ಒಂದು ರಾತ್ರಿಯ ಹಾರೆಗೆ ಬೀಳುತ್ತದೆ.

ಕೋಪಣದ ಪಾದಗಳು

ಹಿರೇಬೆಣಕಲ್ಲು ನೋಡಿದವರು ಕೊಪ್ಪಳ ಬಿಡಬಾರದು. ಕೊಪ್ಪಳವೆಂದರೆ ನಮ್ಮ ಕೋಪಣ ಮಹಾತೀರ್ಥ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅದೇ ಪಾಲ್ಕಿಗುಂಡಿನ ಗುಡ್ಡದಲ್ಲಿ ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೊರೆದಿದೆ. ಅವನ್ನು ಚಾವಯ್ಯ ಎಂಬವನು ಮಾಡಿಸಿದನೆಂದು ಕೆಳಗೆ ಹಳಗನ್ನಡದಲ್ಲಿ ಬರೆದಿದೆ.

ಮುಂಜಾನೆ ಕಂಡದ್ದು ಸತ್ತವರಿಗೆ ಕಟ್ಟಿದ ಕಲ್ಲಿನ ಮನೆ, ಸಂಜೆ ಕಂಡದ್ದು ಎರಡು ಪಾದಗಳ ಗುರುತು. ಮೊದಲಿನವರು ದೇಹಕ್ಕೆ ಮನೆ ಬೇಕೆಂದುಕೊಂಡರು. ನಮ್ಮ ಆಚಾರ್ಯರು ದೇಹವನ್ನು ತಾವಾಗಿಯೇ ಬಿಟ್ಟು, ನಡೆದ ದಾರಿಯ ಗುರುತಷ್ಟೇ ಉಳಿಸಿದರು. ಕಲ್ಲು ಮಾತ್ರ ಒಂದೇ ಗುಡ್ಡಸಾಲಿನದು. ಇದನ್ನು ಮಕ್ಕಳಿಗೆ ಪುಸ್ತಕದಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಎರಡನ್ನೂ ಒಂದೇ ದಿನ ತೋರಿಸಿದರೆ ತಾವೇ ಕೇಳುತ್ತಾರೆ.

ಕಾರ್ಕಳ, ಅತ್ತೂರು, ಮಂಗಳೂರು

ಶಿವಮೊಗ್ಗದ ಮೇಲೆ ಘಟ್ಟ ಇಳಿದು ಕಾರ್ಕಳಕ್ಕೆ ಬಂದೆವು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಬಾಹುಬಲಿ ಸ್ವಾಮಿ, 1586ರ ಚತುರ್ಮುಖ ಬಸದಿ, ಇವು ನಮ್ಮ ಓದುಗರಿಗೆ ಗೊತ್ತಿರುವಂಥವು. ಅದೇ ಊರಿನ ಪಕ್ಕ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ ಇದೆ. 1759ರ ಮೂಲದ ಇದು 2016ರಲ್ಲಿ ಬಸಿಲಿಕಾ ಎಂಬ ಪದವಿ ಪಡೆಯಿತು. ಜನವರಿಯ ಜಾತ್ರೆಗೆ ಹಿಂದೂ, ಮುಸಲ್ಮಾನ, ಜೈನ ಎನ್ನದೆ ಸುತ್ತಲಿನ ಜನ ಸೇರುತ್ತಾರೆ. ತುಳುನಾಡಿನಲ್ಲಿ ಇದು ಸಹಜ. ಬಸದಿ, ಭೂತದ ಗುಡಿ, ಇಗರ್ಜಿ ಮೂರೂ ಹತ್ತಿರ ಹತ್ತಿರ ಇದ್ದು ಜಗಳವಿಲ್ಲದೆ ನಡೆದುಕೊಂಡು ಬಂದಿವೆ.

ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ದರ್ಶನ ಮಾಡಿ ಮಂಗಳೂರಿಗೆ ಹೋದೆವು. 1568ರಲ್ಲಿ ಪೋರ್ತುಗೀಸರು ನೆಲೆಯೂರಿದಾಗಿನ ರೊಜಾರಿಯೊ, 1680ರಲ್ಲಿ ಆರಂಭವಾದ ಮಿಲಾಗ್ರಿಸ್ ಇಲ್ಲಿಯ ಹಳೆಯ ಇಗರ್ಜಿಗಳು. ಈಗಿನ ಕಟ್ಟಡಗಳು ಆಮೇಲಿನವು. ನೋಡಲೇಬೇಕಾದದ್ದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ. ಇಟಲಿಯ ಆಂಟೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಸಹೋದರರು 1899ರಿಂದ ಸುಮಾರು ಎರಡು ವರ್ಷ ಕುಳಿತು ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರದಿಂದ ತುಂಬಿದ್ದಾರೆ. ಗೋಡೆಯ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಿದರೆ ಅದು ಗಾರೆಯೊಳಗೇ ಇಳಿದು ಉಳಿಯುತ್ತದೆ. ಒಣಗುವ ಮುಂಚೆ ಕೈ ಚುರುಕಾಗಿ ಆಡಬೇಕು, ತಪ್ಪಿದರೆ ಗಾರೆ ಕೆತ್ತಿ ಮತ್ತೆ ಬಳಿಯಬೇಕು. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಚಿತ್ರ ನೋಡಿದವರಿಗೆ ಇಲ್ಲಿ ಹೋಲಿಸಲು ಬಹಳ ಸಿಗುತ್ತದೆ.

ಮಂಗಳೂರಿನಲ್ಲಿ ಇನ್ನೊಂದು ಋಣವನ್ನು ನೆನೆಯಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. 1865ರಲ್ಲಿ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಹಾಕಿದವರೂ ಅದೇ ಮಿಶನ್ನಿನವರು. 1894ರಲ್ಲಿ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್ ಅದೇ ಮಿಶನ್ನಿನ ಪಾದ್ರಿ. ಆ ಕಿಟೆಲರೇ 1872ರಲ್ಲಿ ನಮ್ಮ ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಜೈನ ವೈಯಾಕರಣನ ಕೃತಿಯನ್ನು ಓಲೆಗರಿಯಿಂದ ಅಚ್ಚಿಗೆ ತರಲು ಒಬ್ಬ ಕ್ರೈಸ್ತ ಪಾದ್ರಿ ದುಡಿದರು. ಅವರು ಪರಮತದ ಗ್ರಂಥವೆಂದು ದೂರವಿಟ್ಟಿದ್ದರೆ ನಷ್ಟ ನಮ್ಮದೇ ಆಗುತ್ತಿತ್ತು. ಇದನ್ನು ಹೇಳಿದಾಗ ಅಣ್ಣನವರು ‘ಹೌದೇ?’ ಎಂದು ಎರಡು ಸಲ ಕೇಳಿದರು.

ಕಡಲಗುಂಟ

ಮಂಗಳೂರಿನಿಂದ ಕಾರವಾರದ ವರೆಗೆ ಒಂದು ಕಡೆ ಘಟ್ಟ, ಒಂದು ಕಡೆ ಕಡಲು. ಮರವಂತೆಯಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಗಾಡಿ ನಿಲ್ಲಿಸದೆ ಹೋಗಲು ಮನಸ್ಸಾಗುವುದಿಲ್ಲ. ಸಣ್ಣ ಮೊಮ್ಮಗಳು ಪಾಠಶಾಲೆಯಲ್ಲಿ ಕೇಳಿದ್ದನ್ನು ನೆನೆದು, ‘ಮುತ್ಯಾ, ಜಂಬೂದ್ವೀಪದ ಸುತ್ತ ಇರುವ ಲವಣ ಸಮುದ್ರ ಇದೇ ಏನು?’ ಎಂದಳು. ಬೆರಳಿನಿಂದ ನೀರು ರುಚಿ ನೋಡಿ, ಉಪ್ಪು ಇದೆ ಎಂದು ತಾನೇ ತೀರ್ಪು ಕೊಟ್ಟಳು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬಹುದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂದು ಪ್ರತೀತಿ. ಇಲ್ಲಿಯ ಕಲ್ಲುಗಳು ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟಂತೆ ನಿಂತಿವೆ, ಯಾರೂ ಕಡೆದದ್ದಲ್ಲ. ಭೂಮಿಯೊಳಗಿನ ಲಾವಾರಸ ಮೇಲೆ ಬಂದು ತಣ್ಣಗಾಗುವಾಗ ಕುಗ್ಗಿ, ಬಿರುಕು ಬಿಟ್ಟು ಈ ಆಕಾರ ಪಡೆಯಿತು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು, ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷದ ಹಿಂದಿನದು ಎನ್ನುತ್ತಾರೆ. ಸಾಗರೋಪಮ, ಪಲ್ಯೋಪಮ ಎಂದು ನಾವು ಶಾಸ್ತ್ರದಲ್ಲಿ ಓದುತ್ತೇವೆ. ಕಾಲ ಅಷ್ಟು ದೊಡ್ಡದಿರಬಲ್ಲದು ಎಂಬುದು ಆ ಕಲ್ಲಿನ ಮೇಲೆ ಕುಳಿತಾಗ ಮನಸ್ಸಿಗೆ ಹತ್ತುತ್ತದೆ.

ಎರಡು ಎಚ್ಚರಿಕೆ ಹೇಳಬೇಕು. ಒಂದು, ಕಡಲು ಕೆರೆಯಲ್ಲ. ನಮ್ಮ ಒಣಸೀಮೆಯ ಮಕ್ಕಳಿಗೆ ಅದರ ಸೆಳೆತ ಗೊತ್ತಿಲ್ಲ. ಕಾವಲಿನವರು ಬೇಡವೆಂದ ಕಡೆ ಕಾಲಿಡಬಾರದು. ಎರಡು, ಚಿಪ್ಪು ಆರಿಸುವುದು. ಮಕ್ಕಳು ಆರಿಸಿ ತಂದ ಶಂಖಗಳಲ್ಲಿ ಕೆಲವದರೊಳಗೆ ಜೀವವಿರುತ್ತದೆ. ಮರಳಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದರೆ ಅದು ನಡೆಯತೊಡಗುತ್ತದೆ. ಎರಡಿಂದ್ರಿಯ ಜೀವ ಎಂದರೇನೆಂದು ಅಂಗೈಯಲ್ಲಿ ಕಂಡ ಮಕ್ಕಳು ತಾವಾಗಿಯೇ ಎಲ್ಲವನ್ನೂ ನೀರಿಗೆ ಬಿಟ್ಟು ಬಂದರು.

ಮಲ್ಪೆಯ ಬಂದರದಲ್ಲಿ ಮೀನಿನ ಬುಟ್ಟಿಗಳ ನಡುವೆ ಹಾದು ಹೋಗುವುದು ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವಾಯಿತು. ಮೂಗು ಮುಚ್ಚಿಕೊಂಡ ಮೊಮ್ಮಗನಿಗೆ ನಾನು ಹೇಳಿದ್ದು ಇಷ್ಟೇ: ನಮ್ಮ ವ್ರತ ನಮಗೆ, ಅದನ್ನು ಬಿಡಬಾರದು. ಆದರೆ ನಡುರಾತ್ರಿ ಎದ್ದು ಅಲೆಯ ಮೇಲೆ ಹೋಗುವವನ ಮುಂದೆ ಮೂಗು ಮುಚ್ಚಿ ಅವನ ಮನಸ್ಸು ನೋಯಿಸುವುದೂ ಹಿಂಸೆಯೇ. ಬೇಗ ದಾಟು, ಮುಖ ಸಿಂಡರಿಸಬೇಡ.

ಮೆಣಸಿನ ರಾಣಿ

ಹೊನ್ನಾವರದಿಂದ ಶರಾವತಿಯ ಗುಂಟ ಒಳಗೆ ಹೋದರೆ ಗೇರುಸೊಪ್ಪೆಯ ನಗರಬಸ್ತಿಕೇರಿ. ಕಾಡಿನ ನಡುವೆ ಕಲ್ಲಿನ ಚತುರ್ಮುಖ ಬಸದಿ ಒಂಟಿಯಾಗಿ ನಿಂತಿದೆ. ಇದು ನಮ್ಮ ರಾಣಿ ಚೆನ್ನಭೈರಾದೇವಿಯ ಊರು. 1552ರಿಂದ 54 ವರ್ಷ ಆಳಿದ ಜೈನ ರಾಣಿ. ಕರಾವಳಿಯ ಕರಿಮೆಣಸಿನ ವ್ಯಾಪಾರ ಅವಳ ಕೈಯಲ್ಲಿದ್ದುದರಿಂದ ಪೋರ್ತುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಅವರ ಜೊತೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತಳು. ಮೆಣಸು ಮಾರಿ ಅರ್ಧ ಶತಮಾನ ರಾಜ್ಯ ನಡೆಸಿದ ಹೆಣ್ಣುಮಗಳು ನಮ್ಮ ಸಮಾಜದಲ್ಲಿದ್ದಳೆಂದು ನಮ್ಮ ಎಷ್ಟು ಅಂಗಡಿಗಳ ಗಲ್ಲೆಯ ಮೇಲೆ ಕುಳಿತವರಿಗೆ ಗೊತ್ತಿದೆ? ಆ ಬಸದಿಯ ಅಂಗಳದಲ್ಲಿ ನಾವು ಇದ್ದ ಹೊತ್ತಿನಲ್ಲಿ ನಮ್ಮನ್ನು ಬಿಟ್ಟರೆ ಮತ್ತೆ ಯಾರೂ ಬರಲಿಲ್ಲ.

ಗೋವಾದ ಎರಡು ಮುಖ

ಕಾರವಾರ ದಾಟಿ ಗೋವಾ ಸೇರಿದ ಮೇಲೆ ಮೊದಲು ಸಾಂಗೆ ತಾಲೂಕಿನ ಉಸಗಾಳಿಮಳಕ್ಕೆ ಹೋದೆವು. ಕುಶಾವತಿ ನದಿಯ ದಂಡೆಯ ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ ಆದಿಕಾಲದ ಜನ ಗೂಳಿ, ಜಿಂಕೆ, ನವಿಲು ಮತ್ತು ಸುತ್ತಿ ಸುತ್ತಿ ಒಳಗೆ ಹೋಗುವ ಒಂದು ದುಂಡು ಚಕ್ರವ್ಯೂಹವನ್ನು ಕೊರೆದಿದ್ದಾರೆ. 1993ರಲ್ಲಿ ಇದು ವಿದ್ವಾಂಸರ ಗಮನಕ್ಕೆ ಬಂತು. ಚಪ್ಪಲಿ ಕಳೆದು ಬರಿಗಾಲಲ್ಲಿ ನೋಡಬೇಕು. ಅದರ ಮೇಲೆ ನಡೆದಷ್ಟೂ ಸವೆಯುತ್ತದೆ.

ಆಮೇಲೆ ಹಳೆ ಗೋವಾ. ಇಲ್ಲಿಯ ಇಗರ್ಜಿಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೇ ಕೆಥೆಡ್ರಲಿನ ಕೆಲಸ 1562ರಲ್ಲಿ ಸುರುವಾಗಿ 1619ರಲ್ಲಿ ಕಟ್ಟಡ ಮುಗಿಯಿತು. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲಿಲ್ಲ. ಎದುರಿಗೆ 1605ರಲ್ಲಿ ಪ್ರತಿಷ್ಠೆಯಾದ ಬೋಂ ಜೀಸಸ್ ಬಸಿಲಿಕಾ. ಅದರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟಿದ್ದಾರೆ. 1552ರಲ್ಲಿ ಚೀನಾದ ಬಳಿಯ ದ್ವೀಪದಲ್ಲಿ ತೀರಿಕೊಂಡವರ ದೇಹ 1554ರಲ್ಲಿ ಗೋವಾಕ್ಕೆ ಬಂತು. ಹತ್ತು ವರ್ಷಕ್ಕೊಮ್ಮೆ ಜನರ ದರ್ಶನಕ್ಕೆ ಕೆಳಗಿಳಿಸುತ್ತಾರೆ. ಹಿಂದಿನ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರ ವರೆಗೆ ಇತ್ತು. ದೇಹವನ್ನು ಕಾಪಾಡುವುದು ನಮ್ಮ ಪದ್ಧತಿಯಲ್ಲ. ಆದರೆ ಅಲ್ಲಿ ಮೊಣಕಾಲೂರಿದವರ ಕಣ್ಣಿನಲ್ಲಿ ಕಂಡ ಭಾವ, ಕುಂಥಲಗಿರಿಯಲ್ಲಿ 1955ರಲ್ಲಿ ಸಲ್ಲೇಖನ ಸಾಧಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರ ಪಾದಗಳ ಮುಂದೆ ನಮ್ಮವರ ಕಣ್ಣಿನಲ್ಲಿ ಕಂಡದ್ದೇ.

ಇತಿಹಾಸದ ಇನ್ನೊಂದು ಪುಟವನ್ನೂ ಮಕ್ಕಳಿಂದ ಮುಚ್ಚಿಡಬಾರದು. ಇದೇ ಗೋವಾದಲ್ಲಿ ಪೋರ್ತುಗೀಸರು ಗುಡಿಗಳನ್ನು ಕೆಡವಿದರು, 1560ರಿಂದ 1812ರ ವರೆಗೆ ಇಂಕ್ವಿಜಿಶನ್ ನಡೆಸಿ ಮತದ ಹೆಸರಿನಲ್ಲಿ ಜನರನ್ನು ಪೀಡಿಸಿದರು. ಮುಂದೆ ಆ ಮಹಾನಗರಕ್ಕೆ ರೋಗ ರುಜಿನ ಬಡಿದು ಜನ ಬಿಟ್ಟು ಹೋದರು, 1843ರಲ್ಲಿ ಪಣಜಿ ರಾಜಧಾನಿಯಾಯಿತು. ಸಂತ ಅಗಸ್ಟೀನರ ಇಗರ್ಜಿಯಲ್ಲಿ ಈಗ ಒಂದು ಮುರುಕು ಗೋಪುರವಷ್ಟೇ ನಿಂತಿದೆ. ಬಲದಿಂದ ಕಟ್ಟಿದ ವೈಭವ ಎಷ್ಟು ದಿನದ್ದು ಎಂಬುದನ್ನು ಅದು ತಾನೇ ಹೇಳುತ್ತದೆ. ಇಂದಿನ ಗೋವಾದ ಕ್ರೈಸ್ತ ಬಂಧುಗಳು ಅದಕ್ಕೆ ಹೊಣೆಯಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಗೋವಾದಲ್ಲಿ ನಮ್ಮವರದೂ ಇದೆ. ಬಾಂದಿವಡೆಯಲ್ಲಿ ನೇಮಿನಾಥ ಬಸದಿಯ, ಕುಡಣೆಯಲ್ಲಿ ಜೈನ ಮಂದಿರದ ಅವಶೇಷಗಳಿವೆ. ಗೋವಾಕ್ಕೆ ಹೋಗುವ ನಮ್ಮ ಕುಟುಂಬಗಳಲ್ಲಿ ಅಲ್ಲಿಗೆ ಹೋದವರು ಬೆರಳೆಣಿಕೆಯವರು.

ಮೇಗುತಿಯ ಗುಡ್ಡ

ಬೆಳಗಾವಿ, ಬಾಗಲಕೋಟೆಯ ಮೇಲೆ ತಿರುಗಿ ಬರುವಾಗ ಐಹೊಳೆಯ ಮೇಗುತಿ ಗುಡ್ಡ ಹತ್ತಿದೆವು. ಎರಡನೆಯ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯ ಇಲ್ಲಿದೆ. ಗೋಡೆಯ ಶಾಸನದ ಕಾಲ ಶಕ 556, ಎಂದರೆ ಕ್ರಿ.ಶ. 634. ಅದರಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳಿಗೆ ಸಮ ಎಂದು ಹೇಳಿಕೊಂಡಿದ್ದಾನೆ. ಆ ಮಹಾಕವಿಗಳ ಕಾಲ ನಿರ್ಣಯಕ್ಕೆ ವಿದ್ವಾಂಸರು ಇಂದಿಗೂ ಹಿಡಿಯುವ ಆಧಾರ ನಮ್ಮ ಜಿನಾಲಯದ ಈ ಗೋಡೆ.

ಬಸದಿಗೆ ಕೈಮುಗಿದು ಹಿಂದಕ್ಕೆ ನಡೆದರೆ ಅದೇ ಗುಡ್ಡದ ಮೇಲೆ ಆದಿಕಾಲದ ಕಲ್ಲುಮನೆಗಳು, ಹಿರೇಬೆಣಕಲ್ಲಿನಂಥವೇ. ರವಿಕೀರ್ತಿ ಬಸದಿ ಕಟ್ಟಿಸುವಾಗ ಅವು ಆಗಲೇ ನೂರಾರು ವರ್ಷ ಹಳೆಯವು. ಕಟ್ಟಡಕ್ಕೆ ಕಲ್ಲು ಬೇಕಿತ್ತು, ತಯಾರಾದ ಹಲಗೆಗಳು ಪಕ್ಕದಲ್ಲೇ ಇದ್ದವು. ಆದರೂ ಅವು ಉಳಿದಿವೆ. ಯಾರ ಹೆಸರೂ ಗೊತ್ತಿಲ್ಲದ, ಯಾವ ಧರ್ಮವೆಂದೂ ತಿಳಿಯದ ಜನರ ಕಲ್ಲು ಬಸದಿಯ ಹಿಂದೆಯೇ ನಿಂತಿರುವುದನ್ನು ಅಣ್ಣನವರು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ನಾವು ಮಾಡಬಹುದಾದದ್ದು

ಈ ಸುತ್ತಿನಲ್ಲಿ ಒಂದು ಮಾತು ಮತ್ತೆ ಮತ್ತೆ ತಲೆಗೆ ಬಂತು. ನಾವು ನೋಡಿದ ಇಗರ್ಜಿಗಳಲ್ಲಿ ಕಸವಿರಲಿಲ್ಲ, ಬಂದವರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಯಾವ ವರ್ಷ ಏನಾಯಿತೆಂಬ ಫಲಕವಿತ್ತು. ನಮ್ಮ ಕೆಲವು ಹಳೆಯ ಬಸದಿಗಳಲ್ಲಿ ಬಾವಲಿಗಳಿವೆ. ಹೊಸ ಮಂದಿರಕ್ಕೆ, ಪಂಚಕಲ್ಯಾಣಕ್ಕೆ ಬೋಲಿ ಹಿಡಿಯಲು ನಮ್ಮ ಸಮಾಜ ಎಂದೂ ಹಿಂದೆ ಬಿದ್ದಿಲ್ಲ. ಹಳೆಯದಕ್ಕೆ ಒಂದು ಕಸಬರಿಗೆ ಕೊಡುವವರು ಕಡಿಮೆ. ಜೀರ್ಣೋದ್ಧಾರದ ಪುಣ್ಯ ಹೊಸದು ಕಟ್ಟಿದ್ದಕ್ಕಿಂತ ದೊಡ್ಡದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ.

ಆದ್ದರಿಂದ ನನ್ನದು ಮೂರು ಸೂಚನೆ. ಮೊದಲನೆಯದು, ರಜೆಗೆ ಹೊರಡುವ ಪ್ರತಿಯೊಂದು ಕುಟುಂಬ ದಾರಿಯಲ್ಲಿ ಒಂದಾದರೂ ಮರೆತುಹೋದ ಬಸದಿಗೆ ಹೋಗಲಿ. ಅಲ್ಲಿ ಅಭಿಷೇಕ, ಪೂಜೆ ಇಲ್ಲದಿದ್ದರೂ ಸರಿ, ಅಂಗಳ ಗುಡಿಸಿ ಣಮೋಕಾರ ಹೇಳಿ ಬರಲಿ. ಎರಡನೆಯದು, ಅಂಗಡಿಗೆ ವಹಿ ಇಟ್ಟಂತೆ ಪ್ರವಾಸಕ್ಕೂ ಒಂದು ವಹಿ ಇರಲಿ. ಯಾವ ಊರು, ಏನು ಕಂಡಿತು, ಯಾವ ಕಲ್ಲು ಬಿದ್ದಿದೆ, ಯಾವ ಶಾಸನ ಅಳಿಯುತ್ತಿದೆ ಎಂದು ಮಕ್ಕಳ ಕೈಯಲ್ಲೇ ಬರೆಸಿ, ಅದರ ಮೇಲೆ ಪುರಾತತ್ವ ಇಲಾಖೆಗೆ ಮತ್ತು ಆ ಭಾಗದ ಜೈನಮಠಕ್ಕೆ ಒಂದು ಕಾಗದ ಹಾಕಿರಿ. ನಮ್ಮ ಗೇರುಸೊಪ್ಪೆಯ ಕಾಗದ ಹೋಗಿದೆ. ಮೂರನೆಯದು, ಪರರ ಪವಿತ್ರ ಸ್ಥಳಕ್ಕೆ ಹೋದಾಗ ಮೈತುಂಬ ಬಟ್ಟೆ, ಮೆಲ್ಲನೆಯ ಮಾತು, ಪ್ರಾರ್ಥನೆಯ ಹೊತ್ತಿನಲ್ಲಿ ಫೋಟೋ ಬೇಡ. ನಮ್ಮ ಬಸದಿಗೆ ಬಂದವರಿಂದ ನಾವು ಏನು ಬಯಸುತ್ತೇವೆಯೋ ಅದೇ.

ದಿನಗಳು ಕಡಿಮೆ ಇರುವವರು ಪೂರ್ತಿ ಸುತ್ತು ಹಾಕಬೇಕಿಲ್ಲ. ನಮ್ಮ ಕಡೆಯಿಂದ ಮಳಖೇಡ, ಮುದಗಲ್ಲು, ಹಿರೇಬೆಣಕಲ್ಲು, ಕೊಪ್ಪಳ, ಐಹೊಳೆ ಐದು ದಿನದಲ್ಲಿ ಆಗುತ್ತದೆ. ಕಡಲು ಮತ್ತು ಗೋವಾ ಇನ್ನೊಂದು ರಜೆಗೆ ಇಟ್ಟುಕೊಳ್ಳಬಹುದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯ ವರೆಗೆ ಒಳ್ಳೆಯ ಕಾಲ, ಚಾತುರ್ಮಾಸವೂ ಮುಗಿದಿರುತ್ತದೆ. ಬರುವ ದೀಪಾವಳಿಗೆ ನಿರ್ವಾಣ ಲಾಡು ಅರ್ಪಿಸಿದ ಮೇಲೆ ಧಾರಾಶಿವದ ಗುಹೆಗಳಿಂದ ನಮ್ಮ ಮುಂದಿನ ಸುತ್ತು ಸುರು ಮಾಡಬೇಕೆಂದು ಅಣ್ಣನವರೇ ಹೇಳಿದ್ದಾರೆ. ವಹಿಯ ಹೊಸ ಪುಟದ ಮೇಲೆ ಮೊಮ್ಮಗಳು ಆಗಲೇ ಊರಿನ ಹೆಸರು ಬರೆದಿಟ್ಟಿದ್ದಾಳೆ, ಕನ್ನಡದಲ್ಲಿ.

ಜೈ ಜಿನೇಂದ್ರ.